ಎರಡು ಭಾಷೆ ಆಡುವ ಮಿದುಳು

ಜಾಣತನ ಎಂದರೆ ಪರೀಕ್ಷೆಯ ಅಂಕವಷ್ಟೇ ಅಲ್ಲ. ಶಾಲೆ ಮೆಟ್ಟಿಲು ಹತ್ತದ ನಿಮ್ಮ ಅಜ್ಜಿ ಹೈದರಾಬಾದಿನಲ್ಲಿ ಮನೆಯವರೊಡನೆ ಕನ್ನಡ, ತರಕಾರಿಯವರೊಡನೆ ತೆಲುಗು ಮಾತನಾಡುತ್ತಿದ್ದರೆ ಅದೂ ಮಿದುಳಿಗೆ ಕಸರತ್ತೇ. ಒಂದು ಭಾಷೆ ಆಡುವಾಗ ಇನ್ನೊಂದನ್ನು ಮಿದುಳು ತಡೆದು ಹಿಡಿಯಬೇಕಾಗುತ್ತದೆ.

ಇದೇ ಊರಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ ಇದ್ದ 648 ಜನರ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಅಧ್ಯಯನ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. ಮೂರನೆಯ ಭಾಷೆಯಿಂದ ಹೆಚ್ಚುವರಿ ಲಾಭ ಕಾಣಲಿಲ್ಲ. ತಡವಾಯಿತು ಅಷ್ಟೇ, ಕಾಯಿಲೆ ತಪ್ಪಲಿಲ್ಲ ಎಂಬುದನ್ನೂ ಗಮನಿಸಿ.

ಆದ್ದರಿಂದ ಹಿರಿಯರಿಗೆ ಮರೆವು ಹೆಚ್ಚಾದರೆ "ವಯಸ್ಸಾಯಿತು" ಎಂದು ಸುಮ್ಮನಾಗಬೇಡಿ, ನೆನಪಿನ ಟಾನಿಕ್ಕನ್ನೂ ಕೊಳ್ಳಬೇಡಿ. ಮೊದಲು ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನು ವೈದ್ಯರಿಗೆ ತೋರಿಸಿ. ನೆಗಡಿಗೆಂದು ನಾವೇ ಕೊಳ್ಳುವ ಕ್ಲೋರ್‌ಫೆನಿರಮೈನ್ ಇರುವ ಮಾತ್ರೆ, ಕೆಲವು ನಿದ್ರೆ ಮಾತ್ರೆಗಳು ವಯಸ್ಸಾದವರಲ್ಲಿ ಗೊಂದಲ ತರುತ್ತವೆ. ವೈದ್ಯರು ಬರೆದುಕೊಟ್ಟದ್ದನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಗೆ ರಕ್ತಪರೀಕ್ಷೆ ಮಾಡಿಸಿ. ಗೊಂದಲ ದಿಢೀರನೆ ಶುರುವಾದರೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.