ಆದಾಯ ತೆರಿಗೆ: ಯಾರಿಗೆ ಹಗುರ, ಯಾರಿಗೆ ಭಾರ?

ಫೆಬ್ರವರಿ ತಿಂಗಳು ಬಂದರೆ ಸಾಕು, ನಮ್ಮ ಶಾಲೆಗಳ ಸ್ಟಾಫ್ ರೂಮಿನಲ್ಲಿ ಪರೀಕ್ಷೆಯ ಮಾತಿಗಿಂತ ತೆರಿಗೆಯ ಮಾತೇ ಜಾಸ್ತಿ. "ಮಾಷ್ಟ್ರೇ, ನಮ್ಮ ಸಂಬಳ ಕೈಗೆ ಬರುವ ಮೊದಲೇ ಹಿಡಿದುಕೊಳ್ಳುತ್ತಾರೆ, ಪೇಟೆಯ ದೊಡ್ಡ ಕುಳಗಳನ್ನು ಕೇಳುವವರೇ ಇಲ್ಲ" ಎಂಬುದು ಸಂಬಳದವರ ದೂರು. ಇನ್ನೊಂದು ಕಡೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ತಾಯಂದಿರು "ತೆರಿಗೆ ಎಲ್ಲ ದೊಡ್ಡವರಿಗೆ, ನಮಗೆಂಥದ್ದು?" ಎನ್ನುತ್ತಾರೆ. ಎರಡು ಮಾತಿನಲ್ಲೂ ಅರ್ಧ ಸತ್ಯ ಇದೆ. ಉಳಿದರ್ಧ ತಿಳಿಯಬೇಕಾದರೆ ಸ್ವಲ್ಪ ಚರಿತ್ರೆ ನೋಡಬೇಕು.

1857ರ ದಂಗೆಯನ್ನು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಅದನ್ನು ಅಡಗಿಸಲು ಆದ ಖರ್ಚು ಯಾರ ತಲೆಗೆ ಬಿತ್ತು ಎಂಬುದನ್ನು ಹೇಳುವುದು ಕಡಿಮೆ. ಖಜಾನೆ ಬರಿದಾಗಿ ಸಾಲ ಏರಿದಾಗ ಇಂಗ್ಲೆಂಡಿನಿಂದ ಜೇಮ್ಸ್ ವಿಲ್ಸನ್ ಎಂಬ ಹಣಕಾಸು ತಜ್ಞನನ್ನು ಕರೆಸಿದರು. 'ಎಕನಾಮಿಸ್ಟ್' ಪತ್ರಿಕೆ ಸ್ಥಾಪಿಸಿದವನು ಇವನೇ. 1860ರ ಫೆಬ್ರವರಿ 18ರಂದು ಅವನು ಮಂಡಿಸಿದ ಬಜೆಟ್ಟಿನಲ್ಲಿ ಆದಾಯ ತೆರಿಗೆ ಬಂತು. ಆ ವರ್ಷ ಜುಲೈಯಲ್ಲಿ ಅದು ಕಾನೂನಾಯಿತು. ಆಗಸ್ಟ್ 11ರಂದು ವಿಲ್ಸನ್ ಕಲ್ಕತ್ತೆಯಲ್ಲೇ ತೀರಿಕೊಂಡ. ತೆರಿಗೆ ಉಳಿಯಿತು.

ಆ ಕಾನೂನಿನ ಲೆಕ್ಕ ನೋಡಿ. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯವಿದ್ದವರಿಗೆ ತೆರಿಗೆ ಇಲ್ಲ. 200ರಿಂದ 500ರ ಒಳಗೆ ಶೇಕಡಾ 2. 500 ಮತ್ತು ಅದರ ಮೇಲೆ ಎಷ್ಟೇ ಇರಲಿ, ಶೇಕಡಾ 4. ಅಂದರೆ 499 ರೂಪಾಯಿ ಗಳಿಸುವವನು ಸುಮಾರು 10 ರೂಪಾಯಿ ಕೊಟ್ಟರೆ, 500 ಗಳಿಸುವವನು 20 ರೂಪಾಯಿ ಕೊಡಬೇಕು. ಒಂದು ರೂಪಾಯಿ ಹೆಚ್ಚು ದುಡಿದ ತಪ್ಪಿಗೆ 10 ರೂಪಾಯಿ ದಂಡ! ಆದರೆ 500ರವನಿಗೂ 50,000ದವನಿಗೂ ದರ ಒಂದೇ. ಬಿಸಿ ತಟ್ಟಿದ್ದು ಕೆಳಗಿನವನಿಗೆ.

ಆಗ ನಮ್ಮ ಕಾಸರಗೋಡು ಕೆನರಾ ಸೀಮೆಗೆ, ಅಂದರೆ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಇಲ್ಲಿನ ರೈತರು 1799-1800ರಲ್ಲಿ ಥಾಮಸ್ ಮನ್ರೋ ಕಲೆಕ್ಟರ್ ಆಗಿದ್ದ ಕಾಲದಿಂದಲೂ ಕಂಪೆನಿಗೆ ತೀರ್ವೆ ಕಟ್ಟಿಕೊಂಡು ಬಂದವರು. ಅದರ ಮೇಲೆ ಈ ಹೊಸ ತೆರಿಗೆ ಬೇಡ ಎಂದು ಹೇಳಿದ್ದು ಸ್ವತಃ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್. ತೆರಿಗೆ ಹಾಕುವುದಕ್ಕಿಂತ ಸರಕಾರದ ಖರ್ಚು ಕಡಿಮೆ ಮಾಡಿ ಎಂಬುದು ಅವನ ವಾದ. ತನ್ನ ವಿರೋಧವನ್ನು ಪತ್ರಿಕೆಗೇ ಕೊಟ್ಟುಬಿಟ್ಟ. ಅದೇ ವರ್ಷ ಅವನನ್ನು ಹಿಂದಕ್ಕೆ ಕರೆಸಿಕೊಂಡರು. ಕೆಲವೇ ವರ್ಷಗಳಲ್ಲಿ ಅವನೇ ಭಾರತಕ್ಕೆ ಹಣಕಾಸು ಸದಸ್ಯನಾಗಿ ಮರಳಿ ಬಂದ. 500ರ ಕೆಳಗಿನವರ ತೆರಿಗೆಯನ್ನು 1862ರಲ್ಲೇ ತೆಗೆದಿದ್ದರು. 1865ರಲ್ಲಿ, ಅವನ ಕಾಲದಲ್ಲಿ, ಇಡೀ ತೆರಿಗೆಯೇ ನಿಂತಿತು. 1869ರಲ್ಲಿ ಮತ್ತೆ ಬಂತು, 1873ರಲ್ಲಿ ಮತ್ತೆ ಹೋಯಿತು.

ಗಟ್ಟಿಯಾಗಿ ನೆಲೆಯೂರಿದ್ದು 1886ರ ಕಾನೂನಿನಿಂದ. ಅದರ ಮೂರು ಸಂಗತಿಗಳು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಮೊದಲನೆಯದು, 500 ರೂಪಾಯಿಯ ಗೆರೆ. ಅದರ ಕೆಳಗಿನವರಿಗೆ ತೆರಿಗೆ ಇಲ್ಲ. ಎರಡನೆಯದು, ಸರಕಾರಿ ನೌಕರರ ತೆರಿಗೆಯನ್ನು ಸಂಬಳದಲ್ಲೇ ಹಿಡಿಯುವುದು. 2,000 ರೂಪಾಯಿಯ ಒಳಗಿನ ಸಂಬಳಕ್ಕೆ ರೂಪಾಯಿಗೆ 4 ಪೈ, ಅದರ ಮೇಲೆ 5 ಪೈ. ಒಂದು ರೂಪಾಯಿಗೆ ಆಗ 192 ಪೈ. ಹಾಗಾಗಿ ವರ್ಷಕ್ಕೆ 600 ರೂಪಾಯಿಯ ಗುಮಾಸ್ತ ಹನ್ನೆರಡೂವರೆ ರೂಪಾಯಿ ಕೊಡುತ್ತಿದ್ದ. ದೊಡ್ಡ ಸಾಹೇಬನ ದರ ಅವನಿಗಿಂತ ಶೇಕಡಾ ಅರ್ಧದಷ್ಟು ಮಾತ್ರ ಹೆಚ್ಚು. ಮೂರನೆಯದು, ಕೃಷಿ ಆದಾಯವನ್ನು ಪೂರ್ತಿ ಹೊರಗಿಟ್ಟದ್ದು. ಭೂಮಿಗೆ ಕಂದಾಯ ಕೊಡುತ್ತಾರಲ್ಲ ಎಂಬುದು ಕಾರಣ. ರೈತನಿಗೆ ಅದು ನ್ಯಾಯವೇ. ಆದರೆ ಗೇಣಿ ವಸೂಲು ಮಾಡಿ ಕುಳಿತಿದ್ದ ಜಮೀನ್ದಾರನೂ ಅದೇ ಬಾಗಿಲಿನಿಂದ ಹೊರಗೆ ಹೋದ.

ಹಾಗಾದರೆ 500 ರೂಪಾಯಿಯ ಗೆರೆಯ ಕೆಳಗಿದ್ದ ಕೂಲಿಯವನು ತೆರಿಗೆ ಕೊಡಲಿಲ್ಲವೇ? ಕೊಟ್ಟ, ಗಂಜಿಯ ಉಪ್ಪಿನಲ್ಲಿ ಕೊಟ್ಟ! ಸುಮಾರು 37 ಕಿಲೋದ ಒಂದು ಮಣ ಉಪ್ಪಿಗೆ 2 ರೂಪಾಯಿ ಇದ್ದ ತೆರಿಗೆ 1888ರಲ್ಲಿ ಎರಡೂವರೆ ರೂಪಾಯಿಗೆ ಏರಿತು. ಶ್ರೀಮಂತನೂ ಬಡವನೂ ತಿನ್ನುವ ಉಪ್ಪು ಹೆಚ್ಚುಕಡಿಮೆ ಒಂದೇ. ಆದರೆ ಬಡವನ ದುಡಿಮೆಯಲ್ಲಿ ಆ ತೆರಿಗೆಯ ಪಾಲು ಎಷ್ಟೋ ಪಟ್ಟು ದೊಡ್ಡದು. 1930ರಲ್ಲಿ ಗಾಂಧೀಜಿ ವೈಸರಾಯ್‌ಗೆ ಬರೆದ ಪತ್ರದಲ್ಲಿ ಇದೇ ಲೆಕ್ಕ ಇಟ್ಟರು. ವೈಸರಾಯ್ ಸಂಬಳ ತಿಂಗಳಿಗೆ 21,000 ರೂಪಾಯಿ, ಅಂದರೆ ದಿನಕ್ಕೆ 700ರ ಮೇಲೆ. ಸಾಮಾನ್ಯ ಭಾರತೀಯನ ಸರಾಸರಿ ಆದಾಯ ದಿನಕ್ಕೆ ಎರಡು ಆಣೆಯೂ ಇಲ್ಲ. ಆ ವರ್ಷ ಉತ್ತರ ಕನ್ನಡದ ಅಂಕೋಲೆಯಲ್ಲೂ, ನಮಗೆ ಹತ್ತಿರದ ಪಯ್ಯನ್ನೂರಿನಲ್ಲೂ ಜನ ಉಪ್ಪು ಮಾಡಿದ್ದು ಈ ಅನ್ಯಾಯದ ವಿರುದ್ಧ. ಉಪ್ಪಿನ ತೆರಿಗೆ ಹೋಗಲು 1947 ಬರಬೇಕಾಯಿತು.

ಆದಾಯ ತೆರಿಗೆ ನಿಧಾನವಾಗಿ ಸುಧಾರಿಸಿತು. 1903ರಲ್ಲಿ ಗೆರೆ 1,000 ರೂಪಾಯಿಗೆ, 1919ರಲ್ಲಿ 2,000ಕ್ಕೆ ಏರಿತು. 1939ರಲ್ಲಿ ಹಂತ ಪದ್ಧತಿ ಬಂತು. ಅಂದರೆ ಮೇಲಿನ ಹಂತಕ್ಕೆ ಕಾಲಿಟ್ಟರೆ ಆ ಹಂತದಲ್ಲಿರುವ ಹಣಕ್ಕೆ ಮಾತ್ರ ಹೆಚ್ಚಿನ ದರ, ಇಡೀ ಆದಾಯಕ್ಕಲ್ಲ. 499-500ರ ತೊಂದರೆ ಹೀಗೆ ಪರಿಹಾರವಾಯಿತು. ಇವತ್ತಿಗೂ "ಸ್ಲ್ಯಾಬ್ ದಾಟಿದರೆ ಎಲ್ಲ ಸಂಬಳಕ್ಕೂ ಹೆಚ್ಚು ತೆರಿಗೆ" ಎಂದು ಹೆದರುವವರು ಇದನ್ನು ನೆನಪಿಡಬೇಕು.

ಸ್ವಾತಂತ್ರ್ಯದ ನಂತರ ಬೇರೆ ತುದಿಗೆ ಹೋದೆವು. 1973-74ರಲ್ಲಿ 2 ಲಕ್ಷದ ಮೇಲಿನ ಆದಾಯಕ್ಕೆ ಶೇಕಡಾ 85 ತೆರಿಗೆ, ಅದರ ಮೇಲೆ ಶೇಕಡಾ 15 ಸರ್ಚಾರ್ಜು, ಒಟ್ಟು 97.75. ಒಂದು ರೂಪಾಯಿ ಗಳಿಸಿದರೆ ಕೈಯಲ್ಲಿ ಉಳಿಯುವುದು ಎರಡೂಕಾಲು ಪೈಸೆ. ಕಾಗದದ ಮೇಲೆ ಇದಕ್ಕಿಂತ ಸಮಾನತೆ ಬೇಕೇ? ಆದರೆ ಇಷ್ಟು ಹೆಚ್ಚಿನ ದರವೇ ಕಳ್ಳ ಲೆಕ್ಕಕ್ಕೆ ದಾರಿ ಎಂದು ನ್ಯಾಯಮೂರ್ತಿ ವಾಂಛೂ ಸಮಿತಿ 1971ರಲ್ಲೇ ಹೇಳಿತ್ತು. ಕೃಷಿಯ ದೊಡ್ಡ ಆದಾಯವನ್ನೂ ತೆರಿಗೆಯೊಳಗೆ ತರಬೇಕೆಂದು ಕೇರಳದ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರ ಸಮಿತಿ 1972ರಲ್ಲಿ ಸಲಹೆ ಕೊಟ್ಟಿತು. ಅದರಲ್ಲಿ ಸ್ವಲ್ಪ ಭಾಗ ಮಾತ್ರ ಜಾರಿಗೆ ಬಂತು. ಸಂವಿಧಾನದ ಪ್ರಕಾರ ಕೃಷಿ ಆದಾಯದ ತೆರಿಗೆ ರಾಜ್ಯಗಳ ಅಧಿಕಾರ. ಕೇಂದ್ರ ಅದನ್ನು ಮುಟ್ಟುವಂತಿಲ್ಲ. ಮುಂದೆ 1985ರಲ್ಲಿ ವಿ.ಪಿ. ಸಿಂಗ್ ಮೇಲಿನ ದರವನ್ನು ಶೇಕಡಾ 50ಕ್ಕೆ, 1997ರಲ್ಲಿ ಚಿದಂಬರಂ ಶೇಕಡಾ 30ಕ್ಕೆ ಇಳಿಸಿದರು. 1985ರಲ್ಲಿ ಎಸ್ಟೇಟ್ ಸುಂಕವೂ, 2015ರಲ್ಲಿ ಸಂಪತ್ತಿನ ತೆರಿಗೆಯೂ ಹೋದವು.

ಸಂಬಳದವರ ಕಥೆ ಕೇಳಿ. 1974ರಲ್ಲಿ ಬಂದಿದ್ದ ಸ್ಟಾಂಡರ್ಡ್ ಡಿಡಕ್ಷನ್ ಎಂಬ ಸಣ್ಣ ರಿಯಾಯಿತಿಯನ್ನು 2005ರ ಬಜೆಟ್ಟಿನಲ್ಲಿ ಕಿತ್ತುಕೊಂಡರು. 2018ರಲ್ಲಿ ಮರಳಿ ಕೊಟ್ಟರು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ! ಆದರೆ ನ್ಯಾಯವಾಗಿ ಇದನ್ನೂ ಹೇಳಬೇಕು: 2025ರ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ, ಸಂಬಳದವರಿಗೆ 12.75 ಲಕ್ಷದವರೆಗೆ ತೆರಿಗೆ ಇಲ್ಲ. ನಮ್ಮಲ್ಲಿ ಅನೇಕ ಅಧ್ಯಾಪಕರು ಈಗ ಗೆರೆಯ ಕೆಳಗೆ ಬಂದಿದ್ದಾರೆ.

ಈಗ ಮೇಲಿನವರ ಲೆಕ್ಕ ನೋಡೋಣ. 2025-26ರ ದರದಲ್ಲಿ, ಸರ್ಚಾರ್ಜು ಮತ್ತು ಸೆಸ್ ಬಿಟ್ಟು, ಒಂದು ಕೋಟಿ ಸಂಬಳದ ಆದಾಯಕ್ಕೆ ತೆರಿಗೆ 25 ಲಕ್ಷ 80 ಸಾವಿರ. ಅದೇ ಒಂದು ಕೋಟಿ ಬಹಳ ದಿನ ಇಟ್ಟುಕೊಂಡ ಷೇರು ಮಾರಿದ ಲಾಭವಾದರೆ ಸುಮಾರು 12 ಲಕ್ಷ. ಅಡಿಕೆ ತೋಟದಿಂದ ಬಂದರೆ ಕೇಂದ್ರಕ್ಕೆ ಸೊನ್ನೆ. ಹಣ ಒಂದೇ, ತೆರಿಗೆ ಮೂರು ಬಗೆ. ಅರ್ಧ ಎಕರೆ ತೋಟದವನ ಹೆಸರಿನಲ್ಲಿ ಸಿಗುವ ವಿನಾಯಿತಿಯ ದೊಡ್ಡ ಲಾಭ ಯಾರಿಗೆ ಹೋಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಬೀಡಿ ಕಟ್ಟುವ ತಾಯಿಯೂ ತೆರಿಗೆ ಕೊಡುತ್ತಾಳೆ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದಿದೆ. ಸಾಬೂನು ಕೊಂಡರೂ ಚಪ್ಪಲಿ ಕೊಂಡರೂ ಕೋಟ್ಯಧಿಪತಿಯ ದರವೇ ಅವಳಿಗೂ. ಮಕ್ಕಳ ನೋಟ್ ಪುಸ್ತಕಕ್ಕೆ, ಪೆನ್ಸಿಲಿಗೆ ಶೇಕಡಾ 12 ಇತ್ತು. 2025ರ ಸೆಪ್ಟೆಂಬರ್ 22ರಿಂದ ತೆಗೆದರು. ಅಲ್ಲಿಯವರೆಗೆ ನಮ್ಮ ಒಂದನೇ ಕ್ಲಾಸಿನ ಮಗುವೂ ತೆರಿಗೆದಾರನೇ ಆಗಿತ್ತು!

ನನಗೆ ಅನ್ನಿಸುವುದು ಇಷ್ಟು. ಸಂಬಳದವನಿಗೂ ಸಂಬಳದವನಿಗೂ ಹೋಲಿಸಿದರೆ ನಮ್ಮ ಆದಾಯ ತೆರಿಗೆ 1860ಕ್ಕಿಂತ ಎಷ್ಟೋ ನ್ಯಾಯವಾಗಿದೆ. ಕಡಿಮೆಯವನಿಗೆ ಕಡಿಮೆ, ಹೆಚ್ಚಿನವನಿಗೆ ಹೆಚ್ಚು. ಆದರೆ ಆದಾಯ ಎಲ್ಲಿಂದ ಬಂತು ಎಂಬುದರ ಮೇಲೆ ದರ ಬದಲಾಗುವಾಗ, ಕಣ್ಣಿಗೆ ಕಾಣುವ ಆದಾಯ ಮಾತ್ರ ಸಿಕ್ಕಿಬೀಳುವಾಗ ಆ ನ್ಯಾಯ ಸೋರಿಹೋಗುತ್ತದೆ. ಹಾಗಾಗಿ ತೆರಿಗೆಯ ವಿಷಯ ಬಂದಾಗ ಸ್ಲ್ಯಾಬ್ ಎಷ್ಟು ಎಂದು ಕೇಳಿ ಸುಮ್ಮನಾಗಬಾರದು. ಗೆರೆ ಎಲ್ಲಿದೆ, ಗೆರೆಯ ಮೇಲಿದ್ದೂ ಯಾರು ತಪ್ಪಿಸಿಕೊಂಡರು, ಗೆರೆಯ ಕೆಳಗಿನವರು ಬೇರೆ ಹೆಸರಿನಲ್ಲಿ ಏನು ಕೊಡುತ್ತಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನೂ ಕೇಳಬೇಕು.

ಅಧ್ಯಾಪಕ ಮಿತ್ರರು ಸಾಧ್ಯವಾದರೆ 1860ರ 499-500ರ ಲೆಕ್ಕವನ್ನು ಏಳನೇ ಕ್ಲಾಸಿನ ಮಕ್ಕಳಿಗೆ ಕೊಟ್ಟು ನೋಡಿ. ಶೇಕಡಾವಾರು ಪಾಠವೂ ಆಯಿತು, ಚರಿತ್ರೆಯೂ ಆಯಿತು. "ಇದು ಸರಿಯಾ ಟೀಚರ್?" ಎಂದು ಒಂದು ಮಗುವಾದರೂ ಕೇಳಿದರೆ ಪಾಠ ಸಾರ್ಥಕ.