ಕಡಲೊಡಲಿನಿಂದ ಕಳಚಿ ತಂದ ಎಂಜಿನ್

ಹಡಗಿನ ಎಂಜಿನ್ನನ್ನು ಅದರ ಕೋಣೆಯಿಂದ ಹೊರತೆಗೆಯುವುದು ಬಂದರಿನಲ್ಲಿಯೂ ಸುಲಭದ ಕೆಲಸವಲ್ಲ. ಹಲವು ಟನ್ ಭಾರದ ಯಂತ್ರವನ್ನು ಅಡಿಪಾಯದಿಂದ ಬಿಡಿಸಬೇಕು, ಎತ್ತಬೇಕು, ಹೊರಗೆ ತರಬೇಕು. ಆ ಹಡಗು ನೂರಕ್ಕೂ ಹೆಚ್ಚು ವರ್ಷ ಸಮುದ್ರತಳದಲ್ಲಿ ಬಿದ್ದಿದ್ದರೆ?

ಇಂಥ ಒಂದು ಸಾಹಸ 1985ರಲ್ಲಿ ಆಸ್ಟ್ರೇಲಿಯಾದ ಪಶ್ಚಿಮ ತೀರದಲ್ಲಿ ನಡೆಯಿತು. ಹಡಗಿನ ಹೆಸರು ಜಾಂಥೊ. 1848ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಚಕ್ರದೋಣಿಯಾಗಿ ಹುಟ್ಟಿದ ಈ ಕಬ್ಬಿಣದ ಹಡಗಿಗೆ 1871ರಲ್ಲಿ ನೌಕಾಪಡೆಯ ಹಳೆಯ ಎಂಜಿನ್ನೊಂದನ್ನು ಕೂರಿಸಿ ಮಾರಲಾಯಿತು. ಕೊಂಡವರು ಚಾರ್ಲ್ಸ್ ಬ್ರಾಡ್‌ಹರ್ಸ್ಟ್ ಎಂಬ ವ್ಯಾಪಾರಿ. 1872ರ ನವೆಂಬರಿನಲ್ಲಿ ಸೀಸದ ಅದಿರು ಹೊತ್ತಿದ್ದ ಜಾಂಥೊ, ಒಳಗೆ ನೀರು ನುಗ್ಗಿ ಪೋರ್ಟ್ ಗ್ರೆಗರಿಯ ಬಳಿ ಮುಳುಗಿತು.

1979ರಲ್ಲಿ ಅವಶೇಷ ಪತ್ತೆಯಾಯಿತು. ಪಶ್ಚಿಮ ಆಸ್ಟ್ರೇಲಿಯಾ ವಸ್ತುಸಂಗ್ರಹಾಲಯದ ಮೈಕೆಲ್ ಮೆಕಾರ್ಥಿ ಅವರ ತಂಡ ಪರಿಶೀಲಿಸಿದಾಗ ದೊರೆತದ್ದು ಜಾನ್ ಪೆನ್ ಕಂಪನಿಯ ಅಡ್ಡಮಲಗಿದ ಟ್ರಂಕ್ ಎಂಜಿನ್. ಕ್ರಿಮಿಯಾ ಯುದ್ಧದ (1853–56) ತುಪಾಕಿ ದೋಣಿಗಳಿಗಾಗಿ ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮಾದರಿಯಿದು. ಯಂತ್ರವನ್ನು ಅಡ್ಡಲಾಗಿ ಮಲಗಿಸಿದರೆ ಅದು ನೀರಿನ ಮಟ್ಟಕ್ಕಿಂತ ಕೆಳಗೆ, ಶತ್ರುವಿನ ಗುಂಡಿಗೆ ಸಿಗದಂತೆ ಇರುತ್ತಿತ್ತು.

ಅದನ್ನು ಮೇಲೆತ್ತಬೇಕೆ, ಅಲ್ಲಿಯೇ ಬಿಡಬೇಕೆ? ಉತ್ತರ ರಸಾಯನಶಾಸ್ತ್ರದಲ್ಲಿತ್ತು. ಉಪ್ಪುನೀರಿನಲ್ಲಿ ಎರಕದ ಕಬ್ಬಿಣದ ಲೋಹಾಂಶ ಕರಗಿಹೋಗಿ, ಮೆತ್ತನೆಯ ಗ್ರಾಫೈಟ್ ಮಾತ್ರ ಮೂಲ ಆಕಾರದಲ್ಲಿ ಉಳಿಯುತ್ತದೆ. ಕ್ಲೋರೈಡ್ ಒಳಗೆ ಸೇರಿರುತ್ತದೆ. ಹಾಗೆಯೇ ಗಾಳಿಗೆ ಒಡ್ಡಿದರೆ ಅದು ಬಿರುಕುಬಿಟ್ಟು ಉದುರಬಹುದು. ಕಾಪಾಡಲೆಂದು ತೆಗೆದದ್ದೇ ನಾಶಕ್ಕೆ ಕಾರಣವಾಗುವ ಅಪಾಯ!

ಆದುದರಿಂದ ಚಿಕಿತ್ಸೆ ಸಮುದ್ರದೊಳಗೇ ಆರಂಭವಾಯಿತು. ರಸಾಯನಜ್ಞ ಇಯಾನ್ ಮೆಕ್ಲಿಯಡ್ ಅವರ ಮಾರ್ಗದರ್ಶನದಲ್ಲಿ ಎಂಜಿನ್ನಿಗೆ ಬಲಿ ಆನೋಡ್ ಜೋಡಿಸಲಾಯಿತು. ಕಬ್ಬಿಣಕ್ಕಿಂತ ಬೇಗ ಸವೆಯುವ ಲೋಹ ತಾನು ಕರಗಿ ಕಬ್ಬಿಣವನ್ನು ಕಾಯುತ್ತದೆ. ನೀವು ಪ್ರಯೋಗಶಾಲೆಯಲ್ಲಿ ಕಲಿಯುವ ವಿದ್ಯುತ್ಕೋಶದ ತತ್ತ್ವವೇ ಇದು. ಮರುವರ್ಷ ಎಂಜಿನ್ನನ್ನು ಹಡಗಿನ ಒಡಲಿನಿಂದ ಬೇರ್ಪಡಿಸಿ ಮೇಲೆತ್ತಿ, ಫ್ರೀಮ್ಯಾಂಟಲ್‌ಗೆ ಒಯ್ದು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇರಿಸಿದರು. ವಿದ್ಯುತ್ ಹರಿಸಿದಾಗ ಕ್ಲೋರೈಡ್ ನಿಧಾನವಾಗಿ ಹೊರಬಂತು. ಕಲ್ಲಿನಂತೆ ಗಟ್ಟಿಯಾಗಿದ್ದ ಪದರವನ್ನು ಬಿಡಿಸಿ, ಒಂದೊಂದೇ ಭಾಗ ಕಳಚಿ, ಮತ್ತೆ ಜೋಡಿಸಿದರು. 2006ರ ವೇಳೆಗೆ ಎಂಜಿನ್ನನ್ನು ಕೈಯಿಂದ ತಿರುಗಿಸುವುದು ಸಾಧ್ಯವಾಗಿತ್ತು.

ಕಳಚಿದಾಗ ಇತಿಹಾಸವೂ ಬಿಚ್ಚಿಕೊಂಡಿತು. ಎಂಜಿನ್ ಹಿಮ್ಮುಖವಾಗಿ ತಿರುಗಿದರೆ ಮಾತ್ರ ಜಾಂಥೊ ಮುಂದಕ್ಕೆ ಚಲಿಸುತ್ತಿತ್ತು! ಒಂದು ಬಗೆಯ ದೋಣಿಗೆ ಮಾಡಿದ ಯಂತ್ರವನ್ನು ಮತ್ತೊಂದರಲ್ಲಿ ಕೂರಿಸಿದ್ದರ ಕಥೆಯನ್ನು ಲೋಹವೇ ಹೇಳಿತು. ದಾಖಲೆ ಎಂದರೆ ಕಾಗದ ಮಾತ್ರವಲ್ಲ. ಒಂದು ತಿರುಪುಮೊಳೆಯೂ ದಾಖಲೆಯೇ. ಅದನ್ನು ಓದಲು ಇತಿಹಾಸದ ವಿದ್ಯಾರ್ಥಿಗೆ ವಿಜ್ಞಾನವೂ, ವಿಜ್ಞಾನದ ವಿದ್ಯಾರ್ಥಿಗೆ ಇತಿಹಾಸವೂ ಬೇಕು.