ಹುಬ್ಬಳ್ಳಿಯ ಪ್ಲೇಗು, ಸೂಜಿ ಮದ್ದು ಮತ್ತು ಒಂದು ಲೆಕ್ಕ

ಹತ್ತಿಮತ್ತೂರು, ಸವಣೂರು, ಶಿಗ್ಗಾವಿ ಸೀಮೆಯ ರೈತರಿಗೆ ದೊಡ್ಡ ಪೇಟೆಯೆಂದರೆ ಮೊದಲಿನಿಂದಲೂ ಹುಬ್ಬಳ್ಳಿಯೇ. ಹತ್ತಿ, ಜೋಳ, ಮೆಣಸಿನಕಾಯಿ ಹೇರಿದ ಚಕ್ಕಡಿಗಳು ಅಲ್ಲಿಗೇ ಹೋಗುತ್ತಿದ್ದವು. ಬರುವಾಗ ಬಟ್ಟೆ, ಬೆಲ್ಲ, ಸೀಮೆಎಣ್ಣೆಯ ಜೊತೆಗೆ ಸುದ್ದಿಯನ್ನೂ ತರುತ್ತಿದ್ದವು. 1898ರಲ್ಲಿ ಆ ಪೇಟೆಯಿಂದ ಬಂದದ್ದು ಸಾವಿನ ಸುದ್ದಿ. ಹುಬ್ಬಳ್ಳಿಗೆ ಪ್ಲೇಗು ಬಂದಿತ್ತು.

ಆ ವರ್ಷದ ಪ್ಲೇಗಿನ ನೆನಪು ಉತ್ತರ ಕರ್ನಾಟಕದಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಆದರೆ ಅದೇ ವರ್ಷ ಹುಬ್ಬಳ್ಳಿಯಲ್ಲಿ ಜಗತ್ತಿನ ವೈದ್ಯರ ಗಮನ ಸೆಳೆದ ಇನ್ನೊಂದು ಸಂಗತಿ ನಡೆಯಿತೆಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಆಗಷ್ಟೇ ಕಂಡುಹಿಡಿದಿದ್ದ ಪ್ಲೇಗು ಲಸಿಕೆಯನ್ನು ಹುಬ್ಬಳ್ಳಿಯ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಚುಚ್ಚಲಾಯಿತು. ಒಂದೇ ಊರಿನಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಈ ಲಸಿಕೆ ಅದಕ್ಕೆ ಮೊದಲು ಬಳಕೆಯಾಗಿರಲಿಲ್ಲ. ಪ್ರಾಣ ಉಳಿಸುವ ದೃಷ್ಟಿಯಿಂದ ಅದು ದೊಡ್ಡ ಕೆಲಸ. ಆದರೆ ‘ಲಸಿಕೆಯಿಂದ ಎಷ್ಟು ಪ್ರಯೋಜನವಾಯಿತು?’ ಎಂದು ಲೆಕ್ಕ ಹಾಕಲು ಕುಳಿತಾಗ ಹುಬ್ಬಳ್ಳಿ ಒಂದು ಒಗಟಾಯಿತು. ವೈದ್ಯಕೀಯ ಸಂಶೋಧನೆ ಇಂದಿಗೂ ಎದುರಿಸುತ್ತಿರುವ ಒಗಟು ಅದು.

ತುಪ್ಪದ ಹನಿಯಿಂದ ಇಳಿದ ಮದ್ದು

ಪ್ಲೇಗು 1896ರಲ್ಲಿ ಮುಂಬಯಿಗೆ ಬಂತು. ಅದಕ್ಕೆ ಎರಡು ವರ್ಷ ಮೊದಲು, 1894ರಲ್ಲಿ, ಹಾಂಕಾಂಗ್‌ನಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಆ ರೋಗದ ಸೂಕ್ಷ್ಮಾಣುವನ್ನು ಪತ್ತೆ ಮಾಡಿದ್ದರು. ರೋಗಾಣು ಯಾವುದೆಂದು ಗೊತ್ತಾಗಿತ್ತು, ಅದು ಹರಡುವ ಬಗೆ ಗೊತ್ತಿರಲಿಲ್ಲ. ಮುಂಬಯಿಯಲ್ಲಿ ಲಸಿಕೆ ತಯಾರಿಸುವ ಹೊಣೆ ವಾಲ್ಡೆಮರ್ ಹಾಫ್‌ಕಿನ್ ಎಂಬ ವಿಜ್ಞಾನಿಯ ಮೇಲೆ ಬಿತ್ತು. ಒಡೆಸ್ಸಾದ ಯಹೂದಿ ಕುಟುಂಬದಲ್ಲಿ 1860ರಲ್ಲಿ ಹುಟ್ಟಿದ ಹಾಫ್‌ಕಿನ್ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದವರು. 1893ರಲ್ಲಿ ಭಾರತಕ್ಕೆ ಬಂದು ಕಾಲರಾ ಲಸಿಕೆ ಹಾಕುತ್ತಾ ದೇಶ ಸುತ್ತಿದ್ದರು.

ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ, ಹೆಚ್ಚಿನ ಸೌಕರ್ಯಗಳಿಲ್ಲದ ಪ್ರಯೋಗಾಲಯದಲ್ಲಿ ಅವರು ಕೆಲಸ ಆರಂಭಿಸಿದರು. ಗೋಮಾಂಸ, ಹಂದಿ ಮಾಂಸದ ಸಾರು ಬಳಸಿದರೆ ಜನ ಮದ್ದನ್ನು ಮುಟ್ಟುವುದಿಲ್ಲವೆಂದು ಆಡಿನ ಮಾಂಸದ ಸಾರನ್ನು ಆರಿಸಿಕೊಂಡರು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟಾಗ ರೋಗಾಣುಗಳು ಆ ಹನಿಗಳಿಗೆ ಅಂಟಿಕೊಂಡು, ಗುಹೆಯ ಚಾವಣಿಯಿಂದ ಸುಣ್ಣದ ಬಿಳಲು ಇಳಿಯುವಂತೆ ಕೆಳಗೆ ಬೆಳೆಯುತ್ತಿದ್ದವು. ಹಲವು ವಾರ ಹೀಗೆ ಬೆಳೆಸಿ, ನಂತರ ಶಾಖದಿಂದ ಕೊಂದು, ಸ್ವಲ್ಪ ಕಾರ್ಬಾಲಿಕ್ ಆಮ್ಲ ಬೆರೆಸಿದರೆ ಲಸಿಕೆ ಸಿದ್ಧ. ಸತ್ತ ರೋಗಾಣುಗಳು ರೋಗ ತರಲಾರವು. ಆದರೆ ಶತ್ರುವಿನ ಗುರುತನ್ನು ದೇಹಕ್ಕೆ ಮೊದಲೇ ಮಾಡಿಸಿಕೊಡುತ್ತವೆ. ಇದು ಲಸಿಕೆಯ ತತ್ವ.

1897ರ ಜನವರಿ 10ರಂದು ಹಾಫ್‌ಕಿನ್ ಮೊದಲ ಚುಚ್ಚುಮದ್ದನ್ನು ತಾವೇ ತೆಗೆದುಕೊಂಡರು. ಜ್ವರ ಬಂತು, ನೋವು ಬಂತು, ಇಳಿಯಿತು. ಅಪಾಯವಿಲ್ಲವೆಂದು ಇದರಿಂದ ತಿಳಿಯಿತು. ಉಪಯೋಗವುಂಟೆಂದು ತಿಳಿಯಲು ಮಾತ್ರ ಒಬ್ಬರ ಮೈ ಸಾಲದು.

ಹೋಲಿಸಲು ಇನ್ನೊಂದು ಗುಂಪು

ಹಾಫ್‌ಕಿನ್ ಅವರ ಜಾಣ್ಮೆ ಕಾಣುವುದು ಇಲ್ಲಿ. ಅದೇ ತಿಂಗಳ ಕೊನೆಗೆ ಮುಂಬಯಿಯ ಬೈಕುಲಾ ಜೈಲಿನಲ್ಲಿ ಪ್ಲೇಗು ಕಾಣಿಸಿತು. ಕೈದಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ತಾವಾಗಿ ಮುಂದೆ ಬಂದು ಲಸಿಕೆ ಹಾಕಿಸಿಕೊಂಡರು. ಉಳಿದವರು ಹಾಕಿಸಿಕೊಳ್ಳಲಿಲ್ಲ. ಎರಡೂ ಗುಂಪಿನವರದು ಅದೇ ಗೋಡೆ, ಅದೇ ಊಟ, ಅದೇ ನೀರು. ಲಸಿಕೆ ಇಲ್ಲದವರಲ್ಲಿ 12 ಮಂದಿಗೆ ರೋಗ ಬಂದು 6 ಮಂದಿ ಸತ್ತರು. ಲಸಿಕೆ ಪಡೆದವರಲ್ಲಿ ಇಬ್ಬರಿಗೆ ರೋಗ ಬಂತು, ಯಾರೂ ಸಾಯಲಿಲ್ಲ.

ಇನ್ನೂ ಚೊಕ್ಕವಾದ ಪರೀಕ್ಷೆ 1898ರ ಫೆಬ್ರವರಿಯಲ್ಲಿ ಬರೋಡಾ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ ನಡೆಯಿತು. ಅಲ್ಲಿ ಮನೆಮನೆಯಲ್ಲೂ ಸುಮಾರು ಅರ್ಧ ಜನಕ್ಕೆ ಲಸಿಕೆ ಹಾಕಿ ಅರ್ಧ ಜನವನ್ನು ಹಾಗೇ ಬಿಡಲಾಯಿತು. ಒಂದೇ ಸೂರಿನಡಿ ಅಣ್ಣನಿಗೆ ಲಸಿಕೆ, ತಮ್ಮನಿಗೆ ಇಲ್ಲ. ಮುಂದೆ 28 ಮನೆಗಳಿಗೆ ಪ್ಲೇಗು ಹೊಕ್ಕಿತು. ಆ ಮನೆಗಳಲ್ಲಿ ಲಸಿಕೆ ಪಡೆದ 71 ಜನರಲ್ಲಿ 8 ಮಂದಿಗೆ ರೋಗ ಬಂದು ಮೂವರು ತೀರಿಕೊಂಡರು. ಲಸಿಕೆ ಪಡೆಯದ 64 ಜನರಲ್ಲಿ 27 ಮಂದಿಗೆ ರೋಗ ಬಂದು 26 ಮಂದಿ ತೀರಿಕೊಂಡರು.

ಅಂಕಿ ಸಣ್ಣದು, ಆದರೆ ಹೋಲಿಕೆ ಸರಿಯಾದದ್ದು. ಅದರ ಬೆಲೆ ಏನೆಂಬುದನ್ನೂ ಮರೆಯುವಂತಿಲ್ಲ. ಆ 26 ಜನ ಲಸಿಕೆ ಸಿಗದ ಅರ್ಧಕ್ಕೆ ಸೇರಿದವರು.

ಹುಬ್ಬಳ್ಳಿಯಲ್ಲಿ ನಡೆದದ್ದು

1891ರ ಜನಗಣತಿಯ ವೇಳೆಗೆ ಹುಬ್ಬಳ್ಳಿಯ ಜನಸಂಖ್ಯೆ ಐವತ್ತು ಸಾವಿರ ದಾಟಿತ್ತು. ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರ, ಹತ್ತಿ ಪೇಟೆ ಮತ್ತು ನೂಲಿನ ಗಿರಣಿಗಳಿಂದಾಗಿ ಜನ ಬಂದುಹೋಗುವ ಊರು ಅದು. ಮುಂಬಯಿ ಕಡೆಯಿಂದ ರೈಲುಹಳಿ ಗುಂಟ ಇಳಿದ ಪ್ಲೇಗಿಗೆ ಹೇಳಿ ಮಾಡಿಸಿದ ಜಾಗ. ಅಲ್ಲಿಂದ ಅದು ಮುಂದಕ್ಕೂ ಹೋಯಿತು. 1898ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಕಾಣಿಸಿದ ಮೊದಲ ಪ್ಲೇಗು ರೋಗಿ, ಹುಬ್ಬಳ್ಳಿಯಿಂದ ಬಂದಿದ್ದ ರೈಲ್ವೆ ಅಧಿಕಾರಿಯೊಬ್ಬರ ಸೇವಕ.

ಆಗಿನ ವಾತಾವರಣ ಬಿಗುವಿನದು. 1897ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಧಿಕಾರಿಗಳಿಗೆ ಮನೆಯೊಳಗೆ ನುಗ್ಗುವ, ರೋಗಿಗಳನ್ನು ಎಳೆದೊಯ್ಯುವ ಬಲ ಕೊಟ್ಟಿತ್ತು. ಅದರ ದರ್ಪಕ್ಕೆ ರೋಸಿಹೋದ ಪುಣೆಯಲ್ಲಿ ಅದೇ ವರ್ಷದ ಜೂನ್ 22ರಂದು ಚಾಪೇಕರ್ ಸಹೋದರರು ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದ್ದರು. ಬಲವಂತದ ದಾರಿ ದುಬಾರಿಯೆಂದು ಸರಕಾರಕ್ಕೆ ಅರಿವಾಗಿತ್ತು. ಲಸಿಕೆ ಹಾಕಿಸಿಕೊಂಡವರಿಗೆ ಸರ್ಟಿಫಿಕೇಟು ಕೊಟ್ಟು ಪ್ರಯಾಣದ ತಡೆಗಳಿಂದ ವಿನಾಯಿತಿ ಕೊಡುವ ಪದ್ಧತಿ ಮುಂಬಯಿ ಪ್ರಾಂತ್ಯದಲ್ಲಿ ಬಂತು. ಬಲವಂತವಲ್ಲದಿದ್ದರೂ ಇದು ಒತ್ತಡವಲ್ಲವೆಂದು ಹೇಳಲಾಗದು.

ಹುಬ್ಬಳ್ಳಿಯಲ್ಲಿ ಈ ಕೆಲಸದ ಮುಂದಾಳು ಲ್ಯೂಮನ್ ಎಂಬ ಸೇನಾ ವೈದ್ಯ. 1898ರ ಮೇ ತಿಂಗಳಲ್ಲಿ ಲಸಿಕೆ ಹಾಕುವುದು ಆರಂಭವಾಯಿತು. ಮಳೆಗಾಲ ಮುಂದುವರಿದಂತೆ ರೋಗ ಏರಿತು, ಜೊತೆಗೆ ಸೂಜಿಗೆ ತೋಳೊಡ್ಡುವವರ ಸಂಖ್ಯೆಯೂ ಏರಿತು. ಅನೇಕರು ಎರಡನೆಯ ಸಲವೂ ಚುಚ್ಚಿಸಿಕೊಂಡರು. ಸೆಪ್ಟೆಂಬರ್ ಮುಗಿಯುವಾಗ ಊರಿನಲ್ಲಿ ಉಳಿದವರಲ್ಲಿ ಬಹುಪಾಲು ಜನ ಲಸಿಕೆ ಪಡೆದಿದ್ದರು. ಕೊನೆಕೊನೆಯ ವಾರಗಳಲ್ಲಿ ಲಸಿಕೆ ಇಲ್ಲದವರಲ್ಲಿ ಸಾವಿನ ಪ್ರಮಾಣ ಭಯಂಕರವಾಗಿಯೂ, ಲಸಿಕೆ ಪಡೆದವರಲ್ಲಿ ತೀರ ಕಡಿಮೆಯಾಗಿಯೂ ಕಂಡುಬಂತು. ಲಸಿಕೆಯ ಪರವಾಗಿದ್ದವರಿಗೆ ಇದು ದೊಡ್ಡ ಗೆಲುವಾಗಿ ತೋರಿದ್ದು ಸಹಜ.

ಲೆಕ್ಕ ಎಲ್ಲಿ ಸಡಿಲ?

ಭಾರತದ ಪ್ಲೇಗಿನ ವಿಚಾರಣೆಗೆಂದು 1898ರಲ್ಲಿ ಆಯೋಗವೊಂದು ನೇಮಕವಾಯಿತು. ಎಡಿನ್‌ಬರೋದ ಪ್ರೊಫೆಸರ್ ಥಾಮಸ್ ಫ್ರೇಸರ್ ಅದರ ಅಧ್ಯಕ್ಷರು. ಟೈಫಾಯ್ಡ್ ಲಸಿಕೆಯ ಆಲ್ಮ್‌ರಾತ್ ರೈಟ್ ಸದಸ್ಯರಲ್ಲೊಬ್ಬರು. ಲಸಿಕೆಯು ರೋಗ ತಗಲುವುದನ್ನೂ ಸಾವನ್ನೂ ಗಮನಾರ್ಹವಾಗಿ ಕಡಿಮೆ ಮಾಡುತ್ತದೆ, ಆದರೆ ಪೂರ್ಣ ರಕ್ಷಣೆ ಕೊಡುವುದಿಲ್ಲ ಎಂದು ಆಯೋಗ ತೀರ್ಮಾನಿಸಿತು. ಊರೂರಿನ ಅಂಕಿಅಂಶಗಳನ್ನು ಮಾತ್ರ ಕಣ್ಣುಮುಚ್ಚಿ ಒಪ್ಪಲಿಲ್ಲ.

ತೊಡಕು ಇಷ್ಟೇ. ಲಸಿಕೆ ಪಡೆದವರ ಹೆಸರು ರಿಜಿಸ್ಟರಿನಲ್ಲಿರುತ್ತದೆ. ಪಡೆಯದವರನ್ನು ಯಾರೂ ಎಣಿಸಿರುವುದಿಲ್ಲ. ಊರಿನ ಒಟ್ಟು ಜನಸಂಖ್ಯೆಯಿಂದ ಲಸಿಕೆ ಪಡೆದವರನ್ನು ಕಳೆದು ಉಳಿದದ್ದೇ ಆ ಸಂಖ್ಯೆ. ಪ್ಲೇಗಿನ ಊರಿನಲ್ಲಿ ಒಟ್ಟು ಜನಸಂಖ್ಯೆ ಎಷ್ಟೆಂದು ಯಾರು ಹೇಳಬೇಕು? ದಿನಾ ಜನ ಊರು ಬಿಡುತ್ತಾರೆ, ದಿನಾ ಕೆಲವರು ಮರಳುತ್ತಾರೆ.

ಉದಾಹರಣೆಗೆ, ಒಂದು ಊರಿನಲ್ಲಿ 40,000 ಜನರಿದ್ದಾರೆಂದು ಅಂದಾಜು ಮಾಡೋಣ. 36,000 ಜನ ಲಸಿಕೆ ಪಡೆದಿದ್ದಾರೆ. ಉಳಿದವರು 4,000. ಆ ವಾರ ಅವರಲ್ಲಿ 100 ಮಂದಿ ಸತ್ತರೆ ಸಾವು ನೂರಕ್ಕೆ ಎರಡೂವರೆ. ನಮ್ಮ ಅಂದಾಜು ಎರಡು ಸಾವಿರ ಕಡಿಮೆಯಾಗಿದ್ದು ಊರಿನಲ್ಲಿ ನಿಜವಾಗಿ 42,000 ಜನರಿದ್ದರೆ? ಉಳಿದವರು 6,000 ಆಗುತ್ತಾರೆ, ಸಾವು ನೂರಕ್ಕೆ ಎರಡಕ್ಕಿಂತ ಕೆಳಗಿಳಿಯುತ್ತದೆ. ಊರಿನಲ್ಲಿ 38,000 ಜನರೇ ಇದ್ದರೆ? ಉಳಿದವರು 2,000 ಮಾತ್ರ, ಸಾವು ನೂರಕ್ಕೆ ಐದು! ಒಟ್ಟು ಸಂಖ್ಯೆಯಲ್ಲಿ ಇಪ್ಪತ್ತರಲ್ಲೊಂದು ಪಾಲಿನ ತಪ್ಪು ಫಲಿತಾಂಶವನ್ನೇ ಇಮ್ಮಡಿಯಾಗಿಸಬಲ್ಲದು. ಲಸಿಕೆ ಹೆಚ್ಚು ಜನರಿಗೆ ತಲುಪಿದಷ್ಟೂ ಲೆಕ್ಕ ಹೆಚ್ಚು ಸಡಿಲ.

ಇನ್ನೊಂದು ಪ್ರಶ್ನೆ, ಕೊನೆಗೂ ಲಸಿಕೆ ಹಾಕಿಸಿಕೊಳ್ಳದೆ ಉಳಿದವರು ಯಾರು ಎಂಬುದು. ಹಾಸಿಗೆ ಹಿಡಿದವರು, ವಯಸ್ಸಾದವರು, ಆಗಲೇ ರೋಗ ತಗಲಿದವರು, ದಿಕ್ಕಿಲ್ಲದ ಬಡವರು ಅವರಲ್ಲಿ ಹೆಚ್ಚಿರಬಹುದು. ಅವರು ಹೆಚ್ಚು ಸತ್ತರೆ ಅದಕ್ಕೆ ಲಸಿಕೆ ಇಲ್ಲದಿರುವುದೊಂದೇ ಕಾರಣವೆಂದು ಹೇಳುವುದು ಹೇಗೆ? ಬೈಕುಲಾ ಜೈಲಿನಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಉಂಧೇರಾದಲ್ಲಿ ಇನ್ನೂ ಕಡಿಮೆ. ಬಯಲು ಊರಾದ ಹುಬ್ಬಳ್ಳಿಯಲ್ಲಿ ಅದನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ.

ಹಾಗೆಂದು ಲ್ಯೂಮನ್ ಅರ್ಧ ಊರಿಗೆ ಲಸಿಕೆ ಹಾಕಿ ಅರ್ಧ ಊರನ್ನು ಬಿಡಬೇಕಿತ್ತೇ? ದಿನವೂ ಹೆಣ ಏಳುವ ಊರಿನಲ್ಲಿ, ಬಾಗಿಲಿಗೆ ಬಂದವರನ್ನು ಲೆಕ್ಕದ ಚೊಕ್ಕತನಕ್ಕಾಗಿ ಹಿಂದಕ್ಕೆ ಕಳಿಸಲು ಯಾವ ವೈದ್ಯನಿಗೂ ಮನಸ್ಸು ಬಾರದು. ಕಂಡಕಂಡವರಿಗೆಲ್ಲ ಲಸಿಕೆ ಹಾಕಿದ್ದು ಸರಿಯೇ. ಅದರಿಂದ ಪುರಾವೆ ತೆಳುವಾಯಿತೆಂಬುದೂ ನಿಜವೇ.

ಮುಂದಿನ ಪಾಠಗಳು

ಈ ಚರ್ಚೆ ಪ್ಲೇಗಿನೊಂದಿಗೆ ಮುಗಿಯಲಿಲ್ಲ. 1904ರಲ್ಲಿ ಗಣಿತಜ್ಞ ಕಾರ್ಲ್ ಪಿಯರ್ಸನ್ ಆಲ್ಮ್‌ರಾತ್ ರೈಟ್ ಅವರದೇ ಟೈಫಾಯ್ಡ್ ಲಸಿಕೆಯ ಅಂಕಿಗಳನ್ನು ಪ್ರಶ್ನಿಸಿದರು. 1915ರಲ್ಲಿ ಗ್ರೀನ್‌ವುಡ್ ಮತ್ತು ಯೂಲ್ ಎಂಬಿಬ್ಬರು ಟೈಫಾಯ್ಡ್ ಮತ್ತು ಕಾಲರಾ ಲಸಿಕೆಗಳ ಅಂಕಿಗಳನ್ನು ಪರಿಶೀಲಿಸಿ ಕೆಲವು ಷರತ್ತುಗಳನ್ನು ಮುಂದಿಟ್ಟರು. ಎರಡೂ ಗುಂಪಿನವರು ಎಲ್ಲ ಮುಖ್ಯ ವಿಷಯಗಳಲ್ಲಿ ಒಂದೇ ತೆರನಾಗಿರಬೇಕು. ಇಬ್ಬರಿಗೂ ರೋಗ ತಗಲುವ ಸಂಭವ ಒಂದೇ ಇರಬೇಕು. ಲಸಿಕೆ ಪಡೆದಿದ್ದಾರೆಯೇ ಎಂಬ ತಿಳಿವಳಿಕೆ ರೋಗ ನಿರ್ಣಯದ ಮೇಲೆ ಪ್ರಭಾವ ಬೀರಬಾರದು. ಇಂದು ಯಾರಿಗೆ ಔಷಧ, ಯಾರಿಗಿಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಪ್ರಯೋಗಗಳಿಗೆ ಬುನಾದಿ ಬಿದ್ದದ್ದು ಇಂಥ ಚರ್ಚೆಗಳಿಂದ.

ಹಾಫ್‌ಕಿನ್‌ಗೆ ಮಾತ್ರ ಕಹಿಯೇ ಹೆಚ್ಚು ದೊರೆಯಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಪ್ರಯೋಗಾಲಯದ ತಪ್ಪೆಂದು ಅವರನ್ನು ದೂರಲಾಯಿತು, ಕೆಲಸದಿಂದ ದೂರವಿಡಲಾಯಿತು. ಸೀಸೆ ತೆರೆದ ಸ್ಥಳದಲ್ಲಿ ಚಿಮ್ಮಟ ನೆಲಕ್ಕೆ ಬಿದ್ದಿತ್ತೆಂಬ ಸಂಗತಿ ಅವರ ಪರವಾಗಿತ್ತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರ ನಿಂತ ಮೇಲೆ 1907ರಲ್ಲಿ ಕಳಂಕ ಕಳೆಯಿತು. 1925ರಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಅವರ ಹೆಸರನ್ನಿಡಲಾಯಿತು.

ಹುಬ್ಬಳ್ಳಿಯಲ್ಲಿ ಲಸಿಕೆ ಹಾಕುತ್ತಿದ್ದ ದಿನಗಳಲ್ಲಿ ಪ್ಲೇಗು ಹರಡುವ ಬಗೆ ವೈದ್ಯರಿಗೆ ತಿಳಿದಿರಲಿಲ್ಲ. ಇಲಿಯ ಮೈಮೇಲಿನ ಚಿಗಟವೇ ರೋಗವಾಹಕವೆಂದು ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದು ಅದೇ 1898ರಲ್ಲಿ. ಅದಕ್ಕೆ ಮನ್ನಣೆ ಸಿಕ್ಕಿದ್ದು 1905ರ ನಂತರ. ಆದರೆ ಮನೆಯಲ್ಲಿ ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕೆಂಬುದನ್ನು ನಮ್ಮ ಹಳ್ಳಿಗರು ಪುಸ್ತಕದ ನೆರವಿಲ್ಲದೆ ಕಂಡುಕೊಂಡಿದ್ದರು. ಕಾರಣ ಗೊತ್ತಿಲ್ಲದಿದ್ದರೂ ಉಪಾಯ ಸರಿಯಾಗಿತ್ತು. ಮುಂದೆ ಕೀಟನಾಶಕ ಮತ್ತು ಸ್ಟ್ರೆಪ್ಟೊಮೈಸಿನ್‌ನಂಥ ಔಷಧಗಳು ಬಂದ ಮೇಲೆ ಪ್ಲೇಗು ಹಿಮ್ಮೆಟ್ಟಿತು. ಅಷ್ಟರಲ್ಲಿ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತಿದ್ದರು.

ಇಂದು ಹಾನಗಲ್ಲ ತಾಲ್ಲೂಕಿನ ಗಡಿ ದಾಟಿ ಸೊರಬದ ಕಾಡಿನ ಅಂಚಿಗೆ ಹೋದರೆ ಹಳೆಯ ಪ್ರಶ್ನೆಯೇ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. 1957ರಲ್ಲಿ ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ 1990ರಿಂದ ಲಸಿಕೆ ಹಾಕಲಾಗುತ್ತಿತ್ತು. 2005ರಿಂದ 2010ರವರೆಗಿನ ದಾಖಲೆಗಳ ಅಧ್ಯಯನದಲ್ಲಿ ಎರಡು ಡೋಸು ಪಡೆದವರಿಗೆ ಸಿಕ್ಕ ರಕ್ಷಣೆ ಶೇ. 62ರಷ್ಟು, ಮತ್ತೊಂದು ಡೋಸನ್ನೂ ಪಡೆದವರಿಗೆ ಶೇ. 83ರಷ್ಟು ಎಂದು ಕಂಡುಬಂತು. 2022ರಲ್ಲಿ ಆ ಲಸಿಕೆ ಹಾಕುವುದು ನಿಂತಿತು. ಕಾಡಿಗೆ ದನ ಹೊಡೆದುಕೊಂಡು ಹೋಗುವವರು, ಸೌದೆ ತರುವವರು ಹೊಸ ಲಸಿಕೆಗೆ ಕಾಯಬೇಕಾಯಿತು. ಯಾವ ಹೊಸ ಲಸಿಕೆ ಬಂದರೂ ಅದು ಉತ್ತರಿಸಬೇಕಾದ ಪ್ರಶ್ನೆ 1898ರದೇ: ಎಷ್ಟು ಜನಕ್ಕೆ ಹಾಕಿದಿರಿ ಎಂಬುದು ಒಂದು, ಹಾಕದವರನ್ನು ಸರಿಯಾಗಿ ಎಣಿಸಿದಿರಾ ಎಂಬುದು ಇನ್ನೊಂದು.